ಊರ ರಸ್ತೆಗೊಂದು ಸೈಕಲ್ಲು

ಮೆಟ್ಟಿಲಿನ ಕೆಳಗೋ ಹಿತ್ತಲ ಜಗಲಿಯ ಮೇಲೋ ಒಂದು ಹಳೆಯ ಗೇರ್ ಸೈಕಲ್ಲು ನಿಂತಿರುವ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಮಗ ಹೈಸ್ಕೂಲಿಗೆ ಸೇರಿದ ವರ್ಷ ಹಟ ಹಿಡಿದು ಕೊಡಿಸಿಕೊಂಡದ್ದು ಅದು. ದಪ್ಪ ಟೈರು, ಟೈರಿನ ಮೈಮೇಲೆಲ್ಲ ರಬ್ಬರಿನ ಗುಬುಟು, ಮುಂದೆ ಸ್ಪ್ರಿಂಗಿನ ಫೋರ್ಕು, ಹ್ಯಾಂಡಲಿನ ಎರಡು ಕಡೆಯೂ ಗೇರಿನ ಹಿಡಿ. ಮಗ ಕಾಲೇಜಿಗೆಂದು ಪರಸ್ಥಳಕ್ಕೆ ಹೋದ ಮೇಲೆ ಸೈಕಲ್ಲು ತಂದೆಯ ಪಾಲಿಗೆ ಬರುತ್ತದೆ. ಸ್ವಲ್ಪ ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಪೆಟ್ರೋಲಿನ ಬೆಲೆಯೂ ಅದನ್ನೇ ಹೇಳುತ್ತಿದೆ. ತಂದೆ ಉತ್ಸಾಹದಿಂದ ತುಳಿಯತೊಡಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಮೊಣಕಾಲು ನೋವು. ಆಫೀಸು ಮುಟ್ಟುವ ಹೊತ್ತಿಗೆ ಅಂಗಿಯೆಲ್ಲ ಬೆವರು. ಹದಿನೈದನೆಯ ದಿನ ಸೈಕಲ್ಲು ಮತ್ತೆ ಮೆಟ್ಟಿಲ ಕೆಳಗೆ ಸೇರುತ್ತದೆ. 'ಇನ್ನು ವಯಸ್ಸಾಯಿತು' ಎಂದು ಮನೆಯವರೆಲ್ಲ ಒಪ್ಪಿಕೊಳ್ಳುತ್ತಾರೆ. ಹೀಗೆ ವಯಸ್ಸಿನ ಮೇಲೆ ಹೊರಿಸುವ ಅಪವಾದದಲ್ಲಿ ಅರ್ಧ ಭಾಗವಾದರೂ ಸೈಕಲ್ಲಿಗೆ ಸಲ್ಲಬೇಕಾದದ್ದು. ಈ ದಿನ ನಾನು ಹೇಳಬೇಕೆಂದಿರುವುದು ಇದನ್ನೇ.

ಆ ಸೈಕಲ್ಲು ಕೆಟ್ಟ ಸೈಕಲ್ಲು ಎಂದಲ್ಲ. ಅದು ಹುಟ್ಟಿದ್ದು ಬೇರೆ ಕೆಲಸಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮರಿನ್ ಎಂಬ ಗುಡ್ಡಗಾಡಿನ ಜಿಲ್ಲೆಯೊಂದಿದೆ. ೧೯೭೦ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು, ಮಣ್ಣು ದಾರಿಯಲ್ಲಿ ಕೆಳಕ್ಕೆ ಓಡಿಸುವ ಪಂದ್ಯ ಕಟ್ಟುತ್ತಿದ್ದರು. ಆ ಪಂದ್ಯಗಳು ೧೯೭೬ರಲ್ಲಿ ಆರಂಭವಾದವು. ಇಳಿಜಾರು ಎಷ್ಟು ಕಡಿದೆಂದರೆ, ಕೆಳಗೆ ಬರುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕು ಕಾದು ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆದ್ದರಿಂದಲೇ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ಬಿತ್ತು. ೧೯೭೭ರಲ್ಲಿ ಜೋ ಬ್ರೀಜ್ ಎಂಬಾತ ಇದಕ್ಕೆಂದೇ ಬೇರೆ ಚೌಕಟ್ಟನ್ನು ಕಟ್ಟಿದ. ೧೯೮೧ರಲ್ಲಿ ಸ್ಪೆಷಲೈಸ್ಡ್ ಎಂಬ ಕಂಪನಿ ಸ್ಟಂಪ್‌ಜಂಪರ್ ಎಂಬ ಹೆಸರಿನಿಂದ ಇಂಥ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಮೌಂಟನ್ ಬೈಕು, ಎಂದರೆ ಬೆಟ್ಟದ ಸೈಕಲ್ಲು, ಲೋಕಕ್ಕೆಲ್ಲ ಹಬ್ಬಿದ್ದು ಹೀಗೆ. ಕಲ್ಲು ಮಣ್ಣಿನ ಇಳಿಜಾರಿಗೆ ಮಾಡಿದ್ದನ್ನು ನಾವು ಡಾಂಬರು ರಸ್ತೆಯಲ್ಲಿ ಕಚೇರಿಗೆ ತುಳಿಯುತ್ತಿದ್ದೇವೆ. ಉಳುವ ಎತ್ತನ್ನು ಜಟಕಾಕ್ಕೆ ಕಟ್ಟಿದಂತೆ. ಎತ್ತಿನ ತಪ್ಪೇನೂ ಇಲ್ಲ.

ಊರ ರಸ್ತೆಗೆ ಒಪ್ಪುವ ಹಗುರವಾದ ಸೈಕಲ್ಲಿಗೆ ಈಗ ಅಂಗಡಿಗಳಲ್ಲಿ ಹೈಬ್ರಿಡ್ ಎಂದು ಹೆಸರು. ಈ ಮಾತು ನಮಗೆ ಹೊಸದಲ್ಲ. ಹೈಬ್ರಿಡ್ ಜೋಳವನ್ನು ಕಂಡಿದ್ದೇವೆ. ೧೯೭೨ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ಹೆಸರನ್ನು ಹಿರಿಯರು ಇಂದಿಗೂ ಮರೆತಿಲ್ಲ. ಎರಡು ತಳಿಗಳ ಗುಣ ಒಂದರಲ್ಲಿ ಕೂಡಬೇಕೆಂಬುದೇ ಅಲ್ಲಿಯ ಉದ್ದೇಶ. ಇಲ್ಲಿಯೂ ಹಾಗೆಯೇ. ಪಂದ್ಯದ ಸೈಕಲ್ಲಿನಿಂದ ದೊಡ್ಡ ಗಾಲಿ ಮತ್ತು ನಯವಾದ ಟೈರು ಬಂದಿವೆ; ಬೆಟ್ಟದ ಸೈಕಲ್ಲಿನಿಂದ ನೇರವಾದ ಹ್ಯಾಂಡಲು ಮತ್ತು ಹಗುರವಾದ ಗೇರುಗಳು ಬಂದಿವೆ. ಸವಾರ ಬೆನ್ನು ಬಗ್ಗಿಸಿ ಮಲಗಬೇಕಾಗಿಲ್ಲ. ತಕ್ಕಮಟ್ಟಿಗೆ ನೆಟ್ಟಗೆ ಕುಳಿತು ಮುಂದಿನ ವಾಹನಗಳನ್ನು ನೋಡಿಕೊಂಡು ಹೋಗಬಹುದು.

ಆದರೆ ಅಂಗಡಿಗೆ ಹೋಗುವ ಮುಂಚೆ ಹಳೆಯ ಸೈಕಲ್ಲಿಗೆ ನ್ಯಾಯ ಸಲ್ಲಿಸೋಣ. ಮೊದಲು ಚೈನನ್ನು ಅಳೆಯಿರಿ. ಒಂದು ಅಡಿಯ ಸ್ಕೇಲನ್ನು ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಹಿಡಿದರೆ, ಹೊಸ ಚೈನಾದರೆ ಹನ್ನೆರಡನೆಯ ಅಂಗುಲಕ್ಕೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಆ ಪಿನ್ನು ಅಂಗುಲದ ಎಂಟನೆಯ ಒಂದು ಭಾಗ ಮುಂದೆ ಸರಿದಿದ್ದರೆ ಚೈನಿನ ಆಯುಸ್ಸು ಮುಗಿದಿದೆ. ಅದರ ಜೊತೆಗೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುವ ಸಂಭವವುಂಟು. ಆಮೇಲೆ ಗಾಲಿಯನ್ನು ಎತ್ತಿ ತಿರುಗಿಸಿ. ಬೆಂಡು ಎಷ್ಟಿದೆ ನೋಡಿ. ಬ್ರೇಕು ಉಜ್ಜಿ ಉಜ್ಜಿ ರಿಮ್ಮಿನ ಪಕ್ಕ ಬಟ್ಟಲಿನಂತೆ ಒಳಕ್ಕೆ ಹೋಗಿದ್ದರೆ ಆ ರಿಮ್ಮನ್ನು ನಂಬಬಾರದು. ಚೌಕಟ್ಟಿನ ಬೆಸುಗೆಯ ಹತ್ತಿರ ಬಿರುಕು ಕಂಡರಂತೂ ಅದನ್ನು ತುಳಿಯಲೇ ಕೂಡದು.

ಇವೆಲ್ಲ ಸರಿಯಾಗಿದ್ದ ಪಕ್ಷದಲ್ಲಿ, ಹೊಸ ಸೈಕಲ್ಲಿನ ಬದಲು ಎರಡು ಹೊಸ ಟೈರು ಕೊಂಡು ನೋಡಿ. ೨೬ ಅಂಗುಲದ ಗಾಲಿಗೆ ಒಂದೂವರೆ ಅಂಗುಲ ಅಗಲದ, ಗುಬುಟಿಲ್ಲದ ನಯವಾದ ಟೈರು ಸಿಗುತ್ತದೆ. ನಿಮ್ಮ ರಿಮ್ಮಿನ ಅಗಲಕ್ಕೆ ಅದು ಒಪ್ಪುತ್ತದೆಯೇ ಎಂದು ಕೇಳಿಕೊಂಡು ಹಾಕಿಸಿ, ತಕ್ಕಷ್ಟು ಗಾಳಿ ತುಂಬಿ, ಸೀಟನ್ನು ನಿಮ್ಮ ಕಾಲಿನ ಅಳತೆಗೆ ಎತ್ತರಿಸಿ ಒಂದು ತಿಂಗಳು ತುಳಿಯಿರಿ. ಊರ ವೇಗದಲ್ಲಿ, ಎಂದರೆ ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, ತುಳಿಯುವವನ ಶಕ್ತಿಯ ದೊಡ್ಡ ಪಾಲನ್ನು ತಿನ್ನುವುದು ಟೈರು. ಗುಬುಟಿನ ಟೈರು ಡಾಂಬರಿನ ಮೇಲೆ ಪ್ರತಿ ಸುತ್ತಿಗೂ ಬಾಗಿ ಹಿಸುಕಿ ಏಳುತ್ತದೆ. ಆ ಕೆಲಸಕ್ಕೆಲ್ಲ ಕೂಲಿ ಕೊಡುವುದು ನಿಮ್ಮ ಕಾಲು. ಎಷ್ಟೋ ಮನೆಗಳಿಗೆ ಈ ಎರಡು ಟೈರುಗಳೇ ಸಾಕು. ರಿಪೇರಿಯ ಲೆಕ್ಕ ಹೊಸ ಸೈಕಲ್ಲಿನ ಬೆಲೆಯ ಮೂರರಲ್ಲಿ ಒಂದು ಭಾಗವನ್ನು ದಾಟುವುದಾದರೆ, ಅಥವಾ ಸೈಕಲ್ಲು ನಿಮ್ಮ ಎತ್ತರಕ್ಕೆ ಚಿಕ್ಕದಾಗಿದ್ದರೆ, ಆಗ ಹೊಸದನ್ನು ಯೋಚಿಸುವುದು ನ್ಯಾಯ.

ಹೊಸದನ್ನು ಕೊಳ್ಳುವವರಿಗೆ ಮೊದಲ ಪ್ರಶ್ನೆ ಅಳತೆಯದು. ಹೆಸರು, ಬಣ್ಣ, ಬೆಲೆ ಎಲ್ಲವೂ ಆಮೇಲೆ. ಸೈಕಲ್ಲಿನ ಮೇಲಿನ ಕೊಳವೆಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ಪಾದಗಳನ್ನು ಪೂರ್ತಿ ಊರಿ ನಿಂತಾಗ, ಕೊಳವೆಗೂ ನಿಮಗೂ ನಡುವೆ ಎರಡು ಮೂರು ಬೆರಳಿನ ಸಂದಾದರೂ ಇರಬೇಕು. ಸೀಟಿನ ಮೇಲೆ ಕುಳಿತು, ಪೆಡಲನ್ನು ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಬಗ್ಗಿರುತ್ತದೆ. ಕಾಲು ನೆಲಕ್ಕೆ ಪೂರ್ತಿ ಸಿಗಲಿ ಎಂದು ಸೀಟನ್ನು ತೀರ ತಗ್ಗಿಸಿ ತುಳಿಯುವುದು ಮೊಣಕಾಲು ನೋವಿನ ಸಾಮಾನ್ಯ ಕಾರಣಗಳಲ್ಲಿ ಒಂದು. ಒಂದೇ ಸೈಕಲ್ಲನ್ನು ಯಜಮಾನರೂ ಮನೆಯಾಕೆಯೂ ಬಳಸುವುದಾದರೆ, ಮೇಲಿನ ಕೊಳವೆ ಕೆಳಕ್ಕೆ ಇಳಿದಿರುವ ಚೌಕಟ್ಟನ್ನು ಕೇಳಿ. ಸೀರೆಗೂ ಪಂಚೆಗೂ ಅನುಕೂಲ; ಹಿಂದೆ ಸಾಮಾನು ಕಟ್ಟಿದಾಗ ಕಾಲೆತ್ತಿ ದಾಟಿಸುವ ಸರ್ಕಸ್ಸೂ ತಪ್ಪುತ್ತದೆ.

ಎರಡನೆಯದು ಗಾಲಿ ಮತ್ತು ಟೈರು. ಹೈಬ್ರಿಡ್ ಸೈಕಲ್ಲಿನ ಟೈರಿನ ಪಕ್ಕದಲ್ಲಿ ೭೦೦ × ೩೫ ಎಂದೋ ೭೦೦ × ೩೮ ಎಂದೋ ಬರೆದಿರುತ್ತದೆ. ಎರಡನೆಯ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ನಮ್ಮ ರಸ್ತೆಗಳಿಗೆ ೩೫ರಿಂದ ೪೦ರವರೆಗಿನ ಅಗಲ ಹೇಳಿ ಮಾಡಿಸಿದಂತಿರುತ್ತದೆ. ಇನ್ನೂ ವೇಗ ಬರುತ್ತದೆಂದು ೨೮ರ ಟೈರಿಗೆ ಆಸೆಪಡಬೇಡಿ. ಚರಂಡಿಯ ಮೇಲಿನ ಕಬ್ಬಿಣದ ಸರಳುಗಳ ಸಂದಿನಲ್ಲಿ ತೆಳುವಾದ ಗಾಲಿ ಸಿಕ್ಕಿಕೊಂಡರೆ ಸವಾರ ತಲೆಕೆಳಗಾಗುತ್ತಾನೆ.

ಅದೇ ಟೈರಿನ ಮೇಲೆ ಇನ್ನೊಂದು ಸಂಖ್ಯೆಯೂ ಇರುತ್ತದೆ: ೩೫-೬೨೨ ಎಂಬಂತೆ. ಈ ೬೨೨ ಎಂಬುದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾರಣವೇನೆಂದರೆ, ೭೦೦ರ ಟೈರನ್ನು ಕೆಲವರು ೨೮ ಅಂಗುಲದ ಟೈರೆಂದೂ ಕರೆಯುತ್ತಾರೆ. ನಮ್ಮ ಹಿರಿಯರು ತುಳಿದ ಕರಿಯ ಸೈಕಲ್ಲಿನ ಟೈರೂ ೨೮ ಅಂಗುಲದ್ದೇ. ಆದರೆ ಅದರ ಸಂಖ್ಯೆ ೬೩೫. ಹದಿಮೂರು ಮಿಲಿಮೀಟರಿನ ವ್ಯತ್ಯಾಸ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮ ಹಳೆಯ ಬೆಟ್ಟದ ಸೈಕಲ್ಲು ೨೬ ಅಂಗುಲದ್ದಾದರೆ ಅದರ ಸಂಖ್ಯೆ ೫೫೯. ಆದ್ದರಿಂದ ಹಳೆಯ ಟೈರು ಟ್ಯೂಬುಗಳು ಹೊಸದಕ್ಕೆ ಬರುತ್ತವೆಂಬ ಲೆಕ್ಕ ಬೇಡ. ಹೈಬ್ರಿಡ್ಡನ್ನು ಕೊಳ್ಳುವ ಮುಂಚೆ ನಿಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ೬೨೨ರ ಟೈರು ಟ್ಯೂಬು ಇಟ್ಟಿದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಒಂದು ಟ್ಯೂಬನ್ನು ಮನೆಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ಟ್ಯೂಬಿನ ಮೂತಿ ಕಾರು ಸ್ಕೂಟರಿನ ಮೂತಿಯಂತೆ ದಪ್ಪಗಿದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು; ಸಣ್ಣ ಮೂತಿಯದಾದರೆ ಬೇರೆ ತಿರುಪು ಬೇಕು.

ಮೂರನೆಯದು ಮುಂದಿನ ಫೋರ್ಕು. ಸ್ಪ್ರಿಂಗಿದ್ದರೆ ಒಳ್ಳೆಯದು, ಗುಂಡಿಗಳಲ್ಲಿ ಕೈ ಅದುರುವುದಿಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಬೆಲೆಬಾಳುವ ಸೈಕಲ್ಲಿನಲ್ಲಿ ಆ ಮಾತು ನಿಜ. ಕಡಮೆ ಬೆಲೆಯದರಲ್ಲಿ ಅದು ಒಂದು ಕಿಲೋಗ್ರಾಮಿಗೂ ಹೆಚ್ಚಿನ ತೂಕ. ಎದ್ದು ನಿಂತು ತುಳಿದಾಗ ನಿಮ್ಮ ಬಲವನ್ನು ತಾನೇ ನುಂಗಿ ಮೇಲೆ ಕೆಳಗೆ ಕುಣಿಯುತ್ತದೆ. ಎರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಸೆಟೆದು ನಿಲ್ಲುತ್ತದೆ. ಡಾಂಬರು ರಸ್ತೆಗೆ ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು ಸಾಕು. ಅಗಲವಾದ ಟೈರಿನೊಳಗಿನ ಗಾಳಿಯೇ ಪುಕ್ಕಟೆಯ ಸ್ಪ್ರಿಂಗು.

ತೂಕದ ಮಾತು ಬಂದದ್ದರಿಂದ ಒಂದು ಲೆಕ್ಕ. ಸವಾರ ೬೫ ಕಿಲೋ, ಹಳೆಯ ಸೈಕಲ್ಲು ೧೭ ಕಿಲೋ, ಒಟ್ಟು ೮೨. ಹೊಸ ಸೈಕಲ್ಲು ೧೩ ಕಿಲೋ ಎಂದರೆ ಒಟ್ಟು ೭೮. ಏರು ಹತ್ತುವಾಗ ಉಳಿತಾಯ ನೂರಕ್ಕೆ ಐದು ಮಾತ್ರ. ಇದು ಬೇಡವೆಂದಲ್ಲ, ಆದರೆ ಒಂದು ಕಿಲೋ ಕಡಮೆಯೆಂದು ಐದು ಸಾವಿರ ರೂಪಾಯಿ ಹೆಚ್ಚು ಕೊಡುವ ಮುಂಚೆ ಈ ಲೆಕ್ಕವನ್ನು ನೆನೆಯಬಹುದು.

ನಾಲ್ಕನೆಯದು ಗೇರು. ಇಪ್ಪತ್ತೊಂದು ಗೇರು ಎಂದು ದೊಡ್ಡದಾಗಿ ಬರೆದಿರುತ್ತಾರೆ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಅವುಗಳಲ್ಲಿ ಹಲವು ಒಂದಕ್ಕೊಂದು ಸಮ. ಮಗ್ಗಿ ಉದ್ದವಾಯಿತೇ ಹೊರತು ದಾರಿ ಉದ್ದವಾಗಲಿಲ್ಲ. ಬೆಲೆ ಕಟ್ಟಬೇಕಾದದ್ದು ಎರಡು ತುದಿಗಳಿಗೆ: ಅತಿ ಹಗುರವಾದದ್ದು ಎಷ್ಟು, ಅತಿ ಭಾರವಾದದ್ದು ಎಷ್ಟು. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಹೋಗುತ್ತದೆಂದು ತಿಳಿಯುತ್ತದೆ. ಹಳೆಯ ಬೆಟ್ಟದ ಸೈಕಲ್ಲಿನಲ್ಲಿ ಮುಂದೆ ಚಿಕ್ಕ ಚಕ್ರಕ್ಕೆ ೨೪ ಹಲ್ಲು, ಹಿಂದೆ ದೊಡ್ಡದಕ್ಕೆ ೨೮ ಹಲ್ಲು ಇದೆಯೆನ್ನಿ. ಸುತ್ತಳತೆ ಸುಮಾರು ೨.೦೫ ಮೀಟರು. ಒಂದು ಸುತ್ತಿಗೆ ಸುಮಾರು ೧.೭೫ ಮೀಟರು ಹೋಗುತ್ತದೆ. ಹೈಬ್ರಿಡ್ಡಿನಲ್ಲಿ ಮುಂದೆ ೨೮, ಹಿಂದೆ ೨೮; ಸುತ್ತಳತೆ ಸುಮಾರು ೨.೧೭ ಮೀಟರು. ಒಂದು ಸುತ್ತಿಗೆ ೨.೧೭ ಮೀಟರು. ಎಂದರೆ ಅತಿ ಹಗುರವಾದ ಗೇರಿನಲ್ಲಿಯೂ ಹೊಸ ಸೈಕಲ್ಲು ಹಳೆಯದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ಭಾರ!

ಚಪ್ಪಟೆಯಾದ ದಾವಣಗೆರೆಯಲ್ಲಿಯೋ ರಾಯಚೂರಿನಲ್ಲಿಯೋ ಇದು ಗೊತ್ತಾಗುವುದಿಲ್ಲ. ಮಡಿಕೇರಿಯಲ್ಲಿ, ಮಂಗಳೂರಿನ ಗುಡ್ಡದ ರಸ್ತೆಗಳಲ್ಲಿ ಮೊದಲನೆಯ ದಿನವೇ ಗೊತ್ತಾಗುತ್ತದೆ. ಅಂಥ ಊರಿನವರು ಹಿಂದೆ ೩೪ ಹಲ್ಲಿನ ದೊಡ್ಡ ಚಕ್ರವಿರುವ ಸೈಕಲ್ಲನ್ನು ಕೇಳಬೇಕು. ೨೮ನ್ನು ೩೪ರಿಂದ ಭಾಗಿಸಿದರೆ ಒಂದು ಸುತ್ತಿಗೆ ೧.೭೯ ಮೀಟರಾಗುತ್ತದೆ; ಹಳೆಯದರ ಸುಖ ಹೆಚ್ಚು ಕಡಮೆ ಹಿಂದಕ್ಕೆ ಬಂತು. ಆಮೇಲೆ ಬೇರೆ ಹಾಕಿಸುವುದಾದರೆ, ಗೇರು ಬದಲಿಸುವ ಹಿಂದಿನ ಸಾಧನ ಅಷ್ಟು ದೊಡ್ಡ ಚಕ್ರಕ್ಕೆ ಒಪ್ಪುತ್ತದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿಯೇ ಹಾಕಿಸಬೇಕು.

ಐದನೆಯದು ಬ್ರೇಕು. ಇದರಲ್ಲಿ ಜಿಪುಣತನ ಸಲ್ಲದು. ರಿಮ್ಮನ್ನು ಎರಡು ಪಕ್ಕದಿಂದ ಹಿಡಿಯುವ ರಬ್ಬರಿನ ಬ್ರೇಕು ಒಂದು ಬಗೆ. ಗಾಲಿಯ ನಡುವೆ ಉಕ್ಕಿನ ತಟ್ಟೆಯಿರುವ ಡಿಸ್ಕ್ ಬ್ರೇಕು ಇನ್ನೊಂದು. ಮೊದಲನೆಯದು ಹಗುರ, ಅಗ್ಗ, ಯಾವ ಹಳ್ಳಿಯಲ್ಲೂ ರಿಪೇರಿ ಮಾಡಬಲ್ಲರು. ಆದರೆ ರಿಮ್ಮು ನೆನೆದರೆ ಹಿಡಿತ ತಡವಾಗುತ್ತದೆ. ಎರಡನೆಯದು ಮಳೆಯಲ್ಲಿಯೂ ಚೆನ್ನಾಗಿ ಹಿಡಿಯುತ್ತದೆ. ತಟ್ಟೆ ಬಾಗಿದರೆ ಕಿರುಗುಟ್ಟುತ್ತದೆ, ಸರಿಮಾಡಲು ತಿಳಿದ ಕೈ ಬೇಕು. ಮಲೆನಾಡು ಕರಾವಳಿಯವರು ಡಿಸ್ಕಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಯಲುಸೀಮೆಯವರಿಗೆ ಒಳ್ಳೆಯ ರಬ್ಬರಿನ ಬ್ರೇಕು ಸಾಕು. ಯಾವುದಾದರೂ ಆಗಲಿ, ಎರಡು ಬೆರಳಿನಿಂದ ಹಿಡಿದಾಗ ಗಾಲಿ ನಿಲ್ಲಬೇಕು. ಹಿಡಿ ಹ್ಯಾಂಡಲಿಗೆ ತಾಗಕೂಡದು.

ಆರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಚೌಕಟ್ಟಿನಲ್ಲಿ ಕ್ಯಾರಿಯರಿಗೂ ಮಡ್‌ಗಾರ್ಡಿಗೂ ತಿರುಪು ಹಾಕುವ ತೂತುಗಳಿವೆಯೇ? ಇಲ್ಲದಿದ್ದರೆ ಊಟದ ಡಬ್ಬಿ, ತರಕಾರಿಯ ಚೀಲ ಎಲ್ಲವೂ ಹ್ಯಾಂಡಲಿಗೆ ನೇತುಬೀಳುತ್ತವೆ. ಹ್ಯಾಂಡಲಿನ ಚೀಲ ಗಾಲಿಯ ಕಡ್ಡಿಗಳಿಗೆ ಸಿಕ್ಕಿ ಬಿದ್ದವರು ಒಬ್ಬಿಬ್ಬರಲ್ಲ. ಮಡ್‌ಗಾರ್ಡಿಲ್ಲದ ಸೈಕಲ್ಲಿನಲ್ಲಿ ಮಳೆಗಾಲದಲ್ಲಿ ಬಿಳಿಯ ಅಂಗಿ ಹಾಕಿಕೊಂಡು ಹೋದರೆ ಬೆನ್ನಿನ ಮೇಲೆ ಏನು ಬರೆದುಕೊಳ್ಳುತ್ತದೆಂದು ಹೇಳಬೇಕಾಗಿಲ್ಲ.

ಇನ್ನು ಹಣದ ವಿಚಾರ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಸರಿ. ಹದಿನೈದು ಸಾವಿರ ರೂಪಾಯಿ ತೆಗೆದಿಟ್ಟಿದ್ದೀರೆನ್ನಿ. ಅಷ್ಟನ್ನೂ ಸೈಕಲ್ಲಿಗೇ ಸುರಿಯಬೇಡಿ. ಎರಡೂವರೆ ಸಾವಿರವನ್ನು ಬೀಗ, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್ಟು, ಗಾಳಿ ಪಂಪು ಇವುಗಳಿಗೆಂದು ಉಳಿಸಿಕೊಳ್ಳಿ. ದಿನಕ್ಕೆ ಹೋಗಿ ಬರುವ ದಾರಿ ೧೨ ಕಿಲೋಮೀಟರು, ತಿಂಗಳಿಗೆ ೨೫ ದಿನ, ಒಟ್ಟು ೩೦೦ ಕಿಲೋಮೀಟರು. ಲೀಟರಿಗೆ ೫೦ ಕಿಲೋಮೀಟರು ಓಡುವ ಮೋಟಾರು ಸೈಕಲ್ಲಿಗೆ ಇದಕ್ಕೆ ಆರು ಲೀಟರು ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೆ ತಿಂಗಳಿಗೆ ಆರು ನೂರು. ಇಪ್ಪತ್ತೈದು ತಿಂಗಳಿಗೆ ಸೈಕಲ್ಲಿನ ಹಣ ಹಿಂದಕ್ಕೆ ಬಂದ ಲೆಕ್ಕ. ಆದರೆ ಇದು ತುಳಿದವರ ಲೆಕ್ಕ. ಮೆಟ್ಟಿಲ ಕೆಳಗೆ ನಿಂತ ಸೈಕಲ್ಲು ಎಷ್ಟು ಅಗ್ಗವಾದರೂ ದುಬಾರಿಯೇ.

೨೦೨೫ರ ಸೆಪ್ಟೆಂಬರ್ ೨೨ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡ ೧೨ರಿಂದ ೫ಕ್ಕೆ ಇಳಿಯಿತು. ರಸೀತಿಯಲ್ಲಿ ಅದನ್ನು ನೋಡಿಕೊಳ್ಳಿ. ರಸೀತಿಯ ಮೇಲೆ ಚೌಕಟ್ಟಿನ ನಂಬರನ್ನೂ ಬರೆಸಿ. ಪೆಡಲುಗಳ ನಡುವೆ ಚೌಕಟ್ಟಿನ ಅಡಿಭಾಗದಲ್ಲಿ ಅದನ್ನು ಸಾಮಾನ್ಯವಾಗಿ ಕೊರೆದಿರುತ್ತಾರೆ. ಸೈಕಲ್ಲು ಕಳೆದುಹೋದರೆ ಪೋಲೀಸು ಠಾಣೆಯಲ್ಲಿ 'ನೀಲಿ ಬಣ್ಣದ್ದು' ಎಂಬುದಕ್ಕಿಂತ ಈ ನಂಬರಿಗೆ ಬೆಲೆ ಹೆಚ್ಚು.

ಪೆಟ್ಟಿಗೆಯಲ್ಲಿ ಮನೆಗೆ ತರಿಸುವವರಿಗೆ ಒಂದು ಎಚ್ಚರಿಕೆ. ಪೂರ್ತಿ ಜೋಡಿಸದ ಸೈಕಲ್ಲನ್ನು ತಿಳಿದ ಮೆಕ್ಯಾನಿಕ್ಕಿನ ಕೈಯಲ್ಲೇ ಜೋಡಿಸಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆಂಬುದನ್ನು ಅರಿಯದೆ ಬಲವಂತವಾಗಿ ತಿರುಗಿಸಿ ಹೊಸ ಸೈಕಲ್ಲನ್ನು ಮೊದಲನೆಯ ದಿನವೇ ಕೆಡಿಸಿದ ಮನೆಗಳುಂಟು. ಅಂಗಡಿಯಲ್ಲಿ ಕೊಳ್ಳುವುದಾದರೆ ಬೀದಿಯಲ್ಲಿ ಎರಡು ಸುತ್ತು ತುಳಿದು ನೋಡಿ; ಎಲ್ಲ ಗೇರುಗಳನ್ನೂ ಹಾಕಿ ನೋಡಿ; ನಿಧಾನವಾಗಿ ಹೋಗುತ್ತ ಜೋರಾಗಿ ಬ್ರೇಕು ಹಿಡಿದು ನೋಡಿ. ಓಡಿಸಿ ನೋಡಲು ಬಿಡದ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಟು ಬರಬಹುದು.

ಮನೆಗೆ ತಂದ ಮೇಲೆ ನೂರೈವತ್ತು ಕಿಲೋಮೀಟರು ಓಡಿದಾಗ ಒಮ್ಮೆ ಅಂಗಡಿಗೆ ಒಯ್ಯಬೇಕು. ಹೊಸ ತಂತಿಗಳು ಎಳೆದುಕೊಂಡಿರುತ್ತವೆ, ಕಡ್ಡಿಗಳು ಸಡಿಲವಾಗಿರುತ್ತವೆ. ಆಮೇಲೆ ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಚೈನನ್ನು ಒರಸಿ ನಾಲ್ಕು ತೊಟ್ಟು ಎಣ್ಣೆ. ಗಾಳಿ ಎಷ್ಟೆಂಬುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಅದನ್ನು ಮೀರಬಾರದು, ಬಹಳ ಕಡಮೆಯೂ ಇರಬಾರದು. ಗಾಳಿ ಕಡಮೆಯಾದ ಟೈರು ಗುಂಡಿಗೆ ಬಿದ್ದರೆ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಅದಕ್ಕೆ ರಸ್ತೆಯನ್ನು ಬೈದು ಪ್ರಯೋಜನವಿಲ್ಲ.

ಹಳೆಯ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಒಂದು ಕ್ಷಣ ಯೋಚಿಸಿ. ಬ್ರೇಕಿನ ರಬ್ಬರು ಬದಲಿಸಿ, ಬೆಂಡು ತೆಗೆಸಿ, ಚೈನು ಹಾಕಿಸಿದರೆ ಮಣ್ಣು ದಾರಿಯಲ್ಲಿ ಎರಡು ಮೂರು ಮೈಲಿ ನಡೆದು ಶಾಲೆಗೆ ಬರುವ ಒಬ್ಬ ಹುಡುಗನಿಗೋ ಹುಡುಗಿಗೋ ಅದು ಸಾಕಷ್ಟು ವರ್ಷ ಬಾಳುತ್ತದೆ. ಗುಬುಟಿನ ಟೈರಿಗೂ ಅಲ್ಲಿಯೇ ಸರಿಯಾದ ಕೆಲಸ.

ಸೈಕಲ್ಲನ್ನು ಕೊಳ್ಳುವವರು ನೆರೆಮನೆಯವರ ಸಲಹೆಯನ್ನು ಕೇಳಲಿ, ಅಂಗಡಿಯವರ ಮಾತನ್ನೂ ಕೇಳಲಿ. ಕೊನೆಗೆ ತಾವು ದಿನವೂ ಹೋಗುವ ದಾರಿಯನ್ನು ಕೇಳಲಿ. ಅದು ಮಣ್ಣೋ ಡಾಂಬರೋ, ಏರೋ ಬಯಲೋ, ಎಷ್ಟು ದೂರವೋ, ಎಷ್ಟು ಮಳೆಯೋ, ಜೊತೆಗೆ ಹೊರೆಯೆಷ್ಟೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಅರ್ಧ ಆಯ್ಕೆ ಮನೆಯಲ್ಲೇ ಮುಗಿದಿರುತ್ತದೆ. ಉಳಿದರ್ಧವನ್ನು ನಿಮ್ಮ ಕಾಲು ಎರಡು ಸುತ್ತಿನಲ್ಲಿ ತೀರ್ಮಾನಿಸುತ್ತದೆ.